ಪೀಣ್ಯದ ಶೆಡ್ಡಿನಿಂದ ಪಿಕ್ಸೆಲ್‌ವರೆಗೆ: ಉಪಗ್ರಹ ಕಟ್ಟಿದ ತಂಡಗಳ ಮುಂದಾಳುಗಳು

ಇತ್ತೀಚೆಗೆ ಯಾವುದೇ ಹೊಸ ಕಂಪನಿಯ ಹೆಸರು ಕೇಳಿದರೂ ನಾವು ಮೊದಲು ನೋಡುವುದು ಅದನ್ನು ನಡೆಸುವವರು ಯಾರು ಎಂದು. ಸಾಲಾಗಿ ಐದಾರು ಫೋಟೋ, ಕೆಳಗೆ ಹೆಸರು, ಹುದ್ದೆ, ಓದಿದ ಕಾಲೇಜು. ಉಪಗ್ರಹ ಮಾಡುವ ಸಣ್ಣ ಕಂಪನಿಗಳೂ ಇದಕ್ಕೆ ಹೊರತಲ್ಲ. ನಮ್ಮ ಬೆಂಗಳೂರಿನಲ್ಲೇ ಅಂಥ ಕಂಪನಿಗಳು ಈಗ ಹಲವು ಇವೆ. ಇಪ್ಪತ್ತು, ಮೂವತ್ತರ ಹರೆಯದವರು ಉಪಗ್ರಹ ಕಟ್ಟಿ ಆಕಾಶಕ್ಕೆ ಕಳಿಸುತ್ತಿದ್ದಾರೆ ಎಂದರೆ ನಮ್ಮ ಹಿರಿಯರಿಗೆ ಇನ್ನೂ ಆಶ್ಚರ್ಯ. ಆದರೆ ಇದು ನಿನ್ನೆ ಮೊನ್ನೆ ಶುರುವಾದ ಕಥೆಯಲ್ಲ. ಐವತ್ತು ವರ್ಷಗಳ ಹಿಂದೆ, ತಗಡಿನ ಮಾಡಿನ ಕೆಳಗೆ ಇದು ಶುರುವಾಯಿತು. ಅದರ ಮುಂದಾಳು ನಮ್ಮ ಉಡುಪಿ ಜಿಲ್ಲೆಯ ಅದಮಾರಿನವರು.

ಮಹಿಳಾ ವಿಭಾಗದ ಸಂಚಿಕೆಗೆ ಈ ವಿಷಯವನ್ನು ಆಯ್ದುಕೊಂಡದ್ದಕ್ಕೆ ಕಾರಣವಿದೆ. ನಾನು ಕೆಲಸ ಮಾಡುವುದು ಪರೇಲ್‌ನಲ್ಲಿ, ಸಾಫ್ಟ್‌ವೇರ್ ಕ್ಷೇತ್ರದಲ್ಲಿ. ನಮ್ಮ ಸುತ್ತಲಿನ ಗಾಜಿನ ಕಟ್ಟಡಗಳಲ್ಲಿ ಹೆಚ್ಚಿನವು ನಿಂತಿರುವುದು ಹಳೆಯ ಬಟ್ಟೆ ಗಿರಣಿಗಳ ನೆಲದ ಮೇಲೆ. ಈ ಗಿರಣಗಾಂವ್‌ಗೆ ಒಂದು ಪಾಠವಿದೆ. ಗಿರಣಿಗಳ ಆರಂಭದ ದಿನಗಳಲ್ಲಿ ನೂಲು ಸುತ್ತುವ ವಿಭಾಗಗಳಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿದ್ದರು. ಹೊಸ ಯಂತ್ರ ಬಂತು, ಪಾಳಿಗಳು ಬದಲಾದವು, ಹೆರಿಗೆ ಭತ್ಯೆಯ ಕಾನೂನು ಬಂದಾಗ ಮಾಲೀಕರಿಗೆ ಹೆಂಗಸರು ದುಬಾರಿ ಎನ್ನಿಸತೊಡಗಿದರು. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದ ದೊಡ್ಡ ಮುಷ್ಕರ ಶುರುವಾಗುವ ಎಷ್ಟೋ ವರ್ಷಗಳ ಮೊದಲೇ ಗಿರಣಿಗಳಿಂದ ಹೆಂಗಸರು ಬಹುಪಾಲು ಮರೆಯಾಗಿದ್ದರು. ಗಿರಣಿ ಮುಚ್ಚಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಮುಂಚೆ ಸದ್ದಿಲ್ಲದೆ ಹೊರಗೆ ಹೋದವರ ಕಥೆ ಹೇಳುವವರು ಕಡಿಮೆ. ಹಾಗಾಗಿ ಹೊಸ ಉದ್ಯಮ ಯಾವುದು ಬಂದರೂ, ಅದರ ಮುಂದಿನ ಸಾಲಿನಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಶುರುವಿನಲ್ಲೇ ಕೇಳುವುದು ಒಳ್ಳೆಯದು.

ಅದಮಾರಿನ ರಾಯರು

ಉಡುಪಿ ರಾಮಚಂದ್ರ ರಾವ್, ಅಂದರೆ ಯು. ಆರ್. ರಾವ್, ಹುಟ್ಟಿದ್ದು 1932ರ ಮಾರ್ಚ್ 10ರಂದು, ಅದಮಾರಿನಲ್ಲಿ. ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಓದಿದರು. ಮುಂದೆ ಬಳ್ಳಾರಿ, ಅನಂತಪುರ, ಕಾಶಿ. ಅಲ್ಲಿಂದ ಅಹಮದಾಬಾದಿಗೆ ಹೋಗಿ ವಿಕ್ರಮ್ ಸಾರಾಭಾಯಿ ಅವರ ಕೈಕೆಳಗೆ ಕಾಸ್ಮಿಕ್ ಕಿರಣಗಳ ಮೇಲೆ ಸಂಶೋಧನೆ ಮಾಡಿ ಪಿಎಚ್‌ಡಿ ಪಡೆದರು. ಆಮೇಲೆ ಅಮೆರಿಕದ ಎಂಐಟಿಯಲ್ಲಿ, ಟೆಕ್ಸಾಸಿನಲ್ಲಿ ಕೆಲಸ ಮಾಡುತ್ತ ನಾಸಾದ ಪಯೊನೀರ್ ಮೊದಲಾದ ನೌಕೆಗಳ ಪ್ರಯೋಗಗಳಲ್ಲಿ ಭಾಗಿಯಾದರು. 1966ರಲ್ಲಿ ಭಾರತಕ್ಕೆ ಮರಳಿದರು. ಆಗ ಉಪಗ್ರಹದ ಉಪಕರಣಗಳನ್ನು ಸ್ವತಃ ಮಾಡಿ ಅನುಭವವಿದ್ದ ಭಾರತೀಯರು ಬೆರಳೆಣಿಕೆಯಷ್ಟು ಮಾತ್ರ. ಸಾರಾಭಾಯಿ ಉಪಗ್ರಹದ ಕೆಲಸಕ್ಕೆ ರಾಯರನ್ನು ಆಯ್ದುಕೊಂಡದ್ದು ಅದಕ್ಕೇ.

ಆದರೆ 1971ರ ಡಿಸೆಂಬರ್ 30ರಂದು ಸಾರಾಭಾಯಿ ಹಠಾತ್ತನೆ ತೀರಿಕೊಂಡರು. ಇನ್ನೂ ಮೊದಲ ಉಪಗ್ರಹದ ಒಪ್ಪಂದವೇ ಆಗಿರಲಿಲ್ಲ. ಈ ಹೊತ್ತಿನಲ್ಲಿ ಕೆಲವು ತಿಂಗಳು ಇಸ್ರೋದ ಹೊಣೆ ಹೊತ್ತವರು ಎಂ. ಜಿ. ಕೆ. ಮೆನನ್. ಮುಂಬಯಿಯವರಾದ ನಮಗೆ ಈ ಹೆಸರು ಹತ್ತಿರದ್ದು. ಅವರು ಆಗ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ, ಅಂದರೆ ಟಿಐಎಫ್‌ಆರ್‌ನ ನಿರ್ದೇಶಕರು. ಹುಟ್ಟಿದ್ದು ಮಂಗಳೂರಿನಲ್ಲಿ. 1972ರ ಮೇ 10ರಂದು ಸೋವಿಯತ್ ವಿಜ್ಞಾನ ಅಕಾಡೆಮಿಯೊಂದಿಗೆ ಒಪ್ಪಂದವಾದದ್ದು ಅವರ ಅವಧಿಯಲ್ಲೇ. ಉಪಗ್ರಹ ನಮ್ಮದು, ರಾಕೆಟ್ ಅವರದು ಎಂಬುದು ಒಪ್ಪಂದದ ಸಾರ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸತೀಶ್ ಧವನ್ ಅಧ್ಯಕ್ಷರಾದರು. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೂ ಮುಂದುವರಿಯುತ್ತೇನೆ, ಇಸ್ರೋದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು ಎಂದು ಅವರು ಕೇಳಿಕೊಂಡರು. ಸರ್ಕಾರ ಒಪ್ಪಿತು. ಬೆಂಗಳೂರು ಬಾಹ್ಯಾಕಾಶದ ಊರಾದದ್ದರ ಹಿಂದೆ ಈ ಷರತ್ತಿನ ಪಾಲು ದೊಡ್ಡದು.

ಪೀಣ್ಯದ ಶೆಡ್ಡು

ಪೀಣ್ಯ ಕೈಗಾರಿಕಾ ವಸಾಹತುವಿನ ಶೆಡ್ಡುಗಳಲ್ಲಿ ಕೆಲಸ ಆರಂಭವಾಯಿತು. ಇಂದಿನ ಸ್ಟಾರ್ಟಪ್‌ಗಳು ಗ್ಯಾರೇಜಿನಲ್ಲಿ ಹುಟ್ಟಿದವು ಎಂದು ಹೆಮ್ಮೆಯಿಂದ ಹೇಳಿಕೊಳ್ಳುವುದನ್ನು ಕೇಳಿದ್ದೇವೆ. ನಮ್ಮ ದೇಶದ ಮೊದಲ ಉಪಗ್ರಹದ ಸ್ಥಿತಿ ಅದಕ್ಕಿಂತ ಬೇರೆಯಿರಲಿಲ್ಲ. ಧೂಳಿಲ್ಲದ ಕೋಣೆಯನ್ನು ಆ ಶೆಡ್ಡಿನೊಳಗೇ ಕಟ್ಟಿಕೊಳ್ಳಬೇಕಿತ್ತು. ಜಾಗ ಸಾಲದೆ, ದತ್ತಾಂಶ ಪಡೆಯುವ ಕೇಂದ್ರಕ್ಕಾಗಿ ಒಂದು ಶೌಚಾಲಯವನ್ನೇ ಮಾರ್ಪಡಿಸಿಕೊಂಡ ಕಥೆ ಇಸ್ರೋದ ವಲಯದಲ್ಲಿ ಪ್ರಸಿದ್ಧ. ತಂಡದ ಹೆಚ್ಚಿನವರು ಇಪ್ಪತ್ತರ ಹರೆಯದವರು. ಉಪಗ್ರಹವನ್ನು ಕಣ್ಣಿಂದ ಕಂಡವರೇ ಅವರಲ್ಲಿ ವಿರಳ.

ಈ ತಂಡದ ಮುಂದಾಳುತನ ಹೇಗಿತ್ತು? ಉಪಗ್ರಹವೆಂದರೆ ಒಂದೇ ಯಂತ್ರವಲ್ಲ, ಹಲವು ಯಂತ್ರಗಳ ಕೂಡುಕುಟುಂಬ. ಹೊರಗಿನ ಚೌಕಟ್ಟು ಒಬ್ಬರ ಜವಾಬ್ದಾರಿ. ಸೌರ ಫಲಕ ಮತ್ತು ಬ್ಯಾಟರಿ ಇನ್ನೊಬ್ಬರದು. ಬಿಸಿಲು ನೆರಳಿನ ತಾಪ ನೋಡಿಕೊಳ್ಳುವವರು ಬೇರೆ, ಭೂಮಿಯ ಜೊತೆ ಮಾತಾಡುವ ರೇಡಿಯೋ ವಿಭಾಗ ಬೇರೆ, ಉಪಗ್ರಹ ಯಾವ ಕಡೆ ಮುಖ ಮಾಡಿದೆ ಎಂದು ನೋಡುವವರು ಬೇರೆ. ಪ್ರತಿಯೊಬ್ಬರಿಗೂ ತಮ್ಮ ಭಾಗಕ್ಕೆ ಇನ್ನಷ್ಟು ತೂಕ, ಇನ್ನಷ್ಟು ವಿದ್ಯುತ್ ಬೇಕು. ಒಟ್ಟು ತೂಕ ಮತ್ತು ಒಟ್ಟು ವಿದ್ಯುತ್ತು ಮಾತ್ರ ನಿಗದಿಯಾದದ್ದು. ಕೂಡುಕುಟುಂಬದಲ್ಲಿ ತಿಂಗಳ ಖರ್ಚು ತೂಗಿಸಿದವರಿಗೆ ಈ ಕಷ್ಟ ಅರ್ಥವಾಗುತ್ತದೆ. ಯಾರಿಗೆ ಎಷ್ಟು ಎಂದು ಹಂಚಿ, ಇಲ್ಲ ಎಂದವರಿಗೆ ಕಾರಣ ಹೇಳಿ, ಕೊನೆಗೆ ಎಲ್ಲರನ್ನೂ ಒಂದೇ ದಿನಕ್ಕೆ ಸಿದ್ಧಗೊಳಿಸುವುದು ಯೋಜನಾ ನಿರ್ದೇಶಕರ ಕೆಲಸ.

ಹೀಗೆ ತಯಾರಾದ ಉಪಗ್ರಹಕ್ಕೆ 26 ಮುಖಗಳಿದ್ದವು, ತೂಕ ಸುಮಾರು 360 ಕಿಲೋ. ಇಂದಿನ ಲೆಕ್ಕದಲ್ಲಿ 500 ಕಿಲೋಗಿಂತ ಕಡಿಮೆಯಿದ್ದರೆ ಸಣ್ಣ ಉಪಗ್ರಹ. ಆ ಲೆಕ್ಕ ಹಿಡಿದರೆ ನಮ್ಮ ಚರಿತ್ರೆ ಶುರುವಾದದ್ದೇ ಸಣ್ಣ ಉಪಗ್ರಹದಿಂದ. ಅದರಲ್ಲಿ ಮೂರು ವೈಜ್ಞಾನಿಕ ಪ್ರಯೋಗಗಳಿದ್ದವು. ಅವುಗಳಲ್ಲಿ ಒಂದು, ಸೂರ್ಯನಿಂದ ಬರುವ ನ್ಯೂಟ್ರಾನ್ ಮತ್ತು ಗಾಮಾ ಕಿರಣಗಳನ್ನು ಅಳೆಯುವ ಉಪಕರಣ, ನಮ್ಮ ಮುಂಬಯಿಯ ಟಿಐಎಫ್‌ಆರ್‌ನದು. ಹೆಸರಿಡುವಾಗ ಪ್ರಧಾನಿ ಇಂದಿರಾ ಗಾಂಧಿ ಅವರ ಮುಂದೆ ಮೂರು ಹೆಸರುಗಳಿದ್ದವು: ಆರ್ಯಭಟ, ಮಿತ್ರ, ಜವಾಹರ್. ಅವರು ಮೊದಲನೆಯದನ್ನು ಆರಿಸಿದರು. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದ ಕಪುಸ್ತಿನ್ ಯಾರ್‌ನಿಂದ ಆರ್ಯಭಟ ಮೇಲೇರಿತು. ನಮ್ಮಲ್ಲಿ ಕೆಲವರಿಗೆ ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯ ಚಿತ್ರ ನೆನಪಿರಬಹುದು. ಅದೇ ಆರ್ಯಭಟ.

ಇಲ್ಲಿಗೆ ಕಥೆ ಮುಗಿಸಿದರೆ ಚೆಂದವೇ. ಆದರೆ ಐದನೆಯ ದಿನದ ಹೊತ್ತಿಗೆ ವಿದ್ಯುತ್ ಪೂರೈಕೆಯಲ್ಲಿ ದೋಷ ಕಂಡು ಮೂರೂ ಪ್ರಯೋಗಗಳು ನಿಂತುಹೋದವು. ಮೂರು ವರ್ಷದ ದುಡಿಮೆ, ಐದು ದಿನದ ಫಲ! ಮನೆಯಲ್ಲಾದರೂ ಕಚೇರಿಯಲ್ಲಾದರೂ ಇಂಥ ಹೊತ್ತಿನಲ್ಲಿ ಮೊದಲು ಹುಡುಕುವುದು ತಪ್ಪು ಯಾರದು ಎಂದು. ಪೀಣ್ಯದ ತಂಡ ಚದುರಲಿಲ್ಲ. ಪ್ರಯೋಗ ನಿಂತರೂ ಉಪಗ್ರಹದ ಮೂಲ ವ್ಯವಸ್ಥೆಗಳು 1981ರ ಮಾರ್ಚ್‌ವರೆಗೆ ಜೀವಂತವಾಗಿದ್ದವು. ಆರು ತಿಂಗಳು ಬಾಳಲೆಂದು ಮಾಡಿದ ಯಂತ್ರ ಸುಮಾರು ಆರು ವರ್ಷ ಉಸಿರಾಡಿತು. ಅದರಿಂದ ಕಲಿತದ್ದು ಮುಂದಿನದಕ್ಕೆ ಬಂಡವಾಳವಾಯಿತು. ಅದೇ ತಂಡದ ಕೆ. ಕಸ್ತೂರಿರಂಗನ್ ಭಾಸ್ಕರ ಉಪಗ್ರಹಗಳ ಯೋಜನಾ ನಿರ್ದೇಶಕರಾದರು. ಮೊದಲನೆಯದು 1979ರಲ್ಲಿ, ಎರಡನೆಯದು 1981ರಲ್ಲಿ ಹಾರಿತು. ಆರ್. ಎಂ. ವಾಸಗಂ ಅವರ ನೇತೃತ್ವದ ಆ್ಯಪಲ್ 1981ರ ಜೂನ್‌ನಲ್ಲಿ ಹಾರಿತು. ಎತ್ತಿನ ಗಾಡಿಯ ಮೇಲೆ ಉಪಗ್ರಹ ಕೂತ ಪ್ರಸಿದ್ಧ ಫೋಟೋ ಇದರದ್ದೇ. ಅದನ್ನು ನೋಡಿ ಬಡತನ ಎಂದು ನಗುವವರುಂಟು. ನಿಜವಾಗಿ ಆಂಟೆನಾದ ಪರೀಕ್ಷೆಗೆ ಲೋಹವಿಲ್ಲದ ವಾಹನ ಬೇಕಿತ್ತು, ಮರದ ಗಾಡಿ ಅದಕ್ಕೆ ಸರಿಹೊಂದಿತು. ಆ್ಯಪಲ್‌ನ ಒಂದು ಸೌರ ಫಲಕ ಆಕಾಶದಲ್ಲಿ ಬಿಚ್ಚಿಕೊಳ್ಳಲೇ ಇಲ್ಲ. ಆದರೂ ತಂಡ ಅದನ್ನು ಎರಡು ವರ್ಷಕ್ಕೂ ಹೆಚ್ಚು ನಡೆಸಿತು.

ಸೋತ ದಿನ ಯಾರು ಮುಂದೆ ನಿಲ್ಲುತ್ತಾರೆ ಎಂಬುದಕ್ಕೆ ಆ ಕಾಲದ ಇನ್ನೊಂದು ಪ್ರಸಂಗವಿದೆ. ಅಬ್ದುಲ್ ಕಲಾಂ ಅವರು ಇದನ್ನು ಎಷ್ಟೋ ಸಭೆಗಳಲ್ಲಿ ಹೇಳಿದ್ದಾರೆ. 1979ರ ಆಗಸ್ಟ್ 10ರಂದು ಅವರ ನೇತೃತ್ವದ ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿತ್ತು. ಪತ್ರಿಕೆಯವರ ಮುಂದೆ ಕೂತು ಹೊಣೆ ಹೊತ್ತವರು ಧವನ್. ಮರುವರ್ಷ ಜುಲೈ 18ರಂದು ಅದೇ ರಾಕೆಟ್ 35 ಕಿಲೋದ ರೋಹಿಣಿಯನ್ನು ಕಕ್ಷೆಗೆ ಸೇರಿಸಿದಾಗ, ಹೋಗಿ ನೀವೇ ಮಾತಾಡಿ ಎಂದು ಕಲಾಂ ಅವರನ್ನು ಕಳಿಸಿದರು.

ಹಾಸನದಿಂದ ನಡೆದ ಒಂದು ಉಪಗ್ರಹ

ಈ ಆರಂಭದ ಫೋಟೋಗಳಲ್ಲಿ ಮುಂದಿನ ಸಾಲಿನಲ್ಲಿ ಕಾಣುವವರು ಗಂಡಸರೇ. ಆ ಕಾಲದ ಎಂಜಿನಿಯರಿಂಗ್ ತರಗತಿಗಳಲ್ಲಿ ಹುಡುಗಿಯರು ಕೆಲವೇ ಕೆಲವರು. ಮುಂದಿನ ಸಾಲು ತಲುಪಲು ಎಷ್ಟು ಕಾಲ ಬೇಕಾಯಿತು ಎಂಬುದಕ್ಕೆ ಬೆಂಗಳೂರಿನ ಟಿ. ಕೆ. ಅನುರಾಧ ಅವರ ಬದುಕೇ ಲೆಕ್ಕ ಕೊಡುತ್ತದೆ. ಅವರು ಇಸ್ರೋ ಸೇರಿದ್ದು 1982ರಲ್ಲಿ. ಇಲ್ಲಿ ಪರೇಲ್‌ನ ಗಿರಣಿಗಳು ಮುಷ್ಕರದಿಂದ ಸ್ತಬ್ಧವಾಗಿದ್ದ ವರ್ಷ ಅದು. ಜಿಸ್ಯಾಟ್-12 ಎಂಬ ಸಂಪರ್ಕ ಉಪಗ್ರಹದ ಯೋಜನಾ ನಿರ್ದೇಶಕಿಯಾಗಿ ಅದನ್ನು ಹಾರಿಸಿದ್ದು 2011ರ ಜುಲೈ 15ರಂದು. ಇಸ್ರೋದಲ್ಲಿ ಉಪಗ್ರಹ ಯೋಜನೆಯೊಂದರ ನಿರ್ದೇಶಕಿಯಾದ ಮೊದಲ ಮಹಿಳೆ ಅವರು. ನಡುವೆ 29 ವರ್ಷ.

ಜಿಸ್ಯಾಟ್-12ರ ವಿಶೇಷ ಅಷ್ಟೇ ಅಲ್ಲ. ಅದರ ಮಿಷನ್ ನಿರ್ದೇಶಕಿ ಪ್ರಮೋದಾ ಹೆಗಡೆ, ಕಾರ್ಯಾಚರಣೆಯ ನಿರ್ದೇಶಕಿ ಅನುರಾಧಾ ಪ್ರಕಾಶಂ. ಅಂದರೆ ಉಪಗ್ರಹವನ್ನು ಕಟ್ಟಿಸುವುದು, ಮೇಲೆ ಹೋದ ಮೇಲೆ ಏನೇನು ಯಾವಾಗ ಮಾಡಬೇಕೆಂದು ಯೋಜಿಸುವುದು, ಆ ಯೋಜನೆಯನ್ನು ಆದೇಶಗಳಾಗಿ ಕಳಿಸಿ ನಡೆಸುವುದು, ಈ ಮೂರೂ ಕುರ್ಚಿಗಳಲ್ಲಿ ಮಹಿಳೆಯರು. ಪಿಎಸ್‌ಎಲ್‌ವಿ ರಾಕೆಟ್ ಅದನ್ನು ಮೊದಲು ಬಿಟ್ಟದ್ದು ಉದ್ದನೆಯ ಮೊಟ್ಟೆಯಾಕಾರದ ಕಕ್ಷೆಯಲ್ಲಿ. ಅಲ್ಲಿಂದ ಉಪಗ್ರಹದ ಎಂಜಿನನ್ನು ಹಂತ ಹಂತವಾಗಿ ಉರಿಸಿ ಸುಮಾರು 36,000 ಕಿಲೋಮೀಟರ್ ಎತ್ತರಕ್ಕೆ ಏರಿಸಬೇಕು. ಒಂದು ಉರಿತ ಹೆಚ್ಚುಕಡಿಮೆಯಾದರೆ ಇಂಧನ ಪೋಲಾಗಿ ಆಯುಷ್ಯ ಕಡಿಮೆಯಾಗುತ್ತದೆ. ಆ ಕೆಲಸ ನಡೆದದ್ದು ನಮ್ಮ ಹಾಸನದ ನಿಯಂತ್ರಣ ಕೇಂದ್ರದಿಂದ. ದೂರಶಿಕ್ಷಣ, ದೂರವೈದ್ಯಕೀಯ ಸೇವೆಗಳಿಗೆ ಅದು ನೆರವಾಯಿತು. 1,410 ಕಿಲೋ ತೂಗುವ ಇದು ಸಣ್ಣ ಉಪಗ್ರಹವಲ್ಲ, ಒಪ್ಪುತ್ತೇನೆ. ಆದರೆ ಉಪಗ್ರಹದ ಮುಂದಾಳು ತಂಡವೆಂದರೆ ಹೇಗಿರಬಹುದು ಎಂದು ನಮ್ಮ ಹೆಣ್ಣುಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗುವುದಿಲ್ಲ. ಬೇಸರವೆಂದರೆ, ಈ ಮೂವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಗೊತ್ತಿರುವುದು ಒಂದು ಫೋಟೋ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳನ ಕಕ್ಷೆ ಸೇರಿದ ದಿನ ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ತೆಗೆದದ್ದು. ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದ ಹೆಂಗಸರು ಒಬ್ಬರನ್ನೊಬ್ಬರು ಅಭಿನಂದಿಸುತ್ತಿದ್ದಾರೆ. ಮಹಿಳಾ ವಿಜ್ಞಾನಿಗಳು ಎಂಬ ಶೀರ್ಷಿಕೆಯಲ್ಲಿ ಜಗತ್ತೆಲ್ಲ ಅದು ಹರಿದಾಡಿತು. ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಈಗಲೂ ಮಹಿಳಾ ದಿನಕ್ಕೆ ಬರುತ್ತದೆ. ಅವರು ಆಡಳಿತ ವಿಭಾಗದ ಸಿಬ್ಬಂದಿ ಎಂದು ಇಸ್ರೋ ಆಮೇಲೆ ಸ್ಪಷ್ಟಪಡಿಸಿತು. ಮಂಗಳಯಾನದಲ್ಲಿ ಮಹಿಳಾ ವಿಜ್ಞಾನಿಗಳು ಖಂಡಿತ ಇದ್ದರು ಎಂದೂ ಹೇಳಿತು. ಋತು ಕರಿಧಾಲ್, ನಂದಿನಿ ಹರಿನಾಥ್ ಕಾರ್ಯಾಚರಣೆಯ ಉಪ ನಿರ್ದೇಶಕಿಯರಾಗಿದ್ದರು. ಮಂಗಳನಿಂದ ಸಂದೇಶ ಇಲ್ಲಿಗೆ ತಲುಪಲು ಆ ದಿನ ಹನ್ನೆರಡು ನಿಮಿಷಕ್ಕೂ ಹೆಚ್ಚು ಬೇಕಿತ್ತು. ಭೂಮಿಯಿಂದ ಕೇಳಿ ಉತ್ತರ ಪಡೆಯುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಹಾಗಾಗಿ ತೊಂದರೆ ಬಂದರೆ ತಾನೇ ಗುರುತಿಸಿ ತಾನೇ ಸರಿಪಡಿಸಿಕೊಳ್ಳುವ ಬುದ್ಧಿಯನ್ನು ನೌಕೆಯೊಳಗೇ ಬರೆದಿಡಬೇಕಾಯಿತು. ಆ ಸ್ವಾಯತ್ತ ವ್ಯವಸ್ಥೆಯ ಕೆಲಸದಲ್ಲಿ ಋತು ಅವರ ಪಾತ್ರ ಮುಖ್ಯವಾದದ್ದು. ಸಾಫ್ಟ್‌ವೇರ್ ಬರೆಯುವ ನನಗೆ ಆ ಕೆಲಸದ ಎದೆಗಾರಿಕೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮಲ್ಲಿ ತಪ್ಪಾದರೆ ರಾತ್ರಿ ಕೂತು ತಿದ್ದಬಹುದು.

ಆ ಫೋಟೋದ ಬಗ್ಗೆ ಇನ್ನೊಂದು ಮಾತು. ವಿಜ್ಞಾನಿಗಳಲ್ಲ ಎಂದು ತಿಳಿದ ಮೇಲೆ, ಅಯ್ಯೋ ಅಷ್ಟೇನಾ ಎಂದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬಿಡಿಭಾಗಗಳ ಖರೀದಿ, ಟೆಂಡರು, ಸಂಬಳ, ಪ್ರಯಾಣ, ಉಗ್ರಾಣ ಇವೆಲ್ಲ ಸಮಯಕ್ಕೆ ನಡೆಯದೆ ಯಾವ ಉಪಗ್ರಹವೂ ಮೇಲೇಳುವುದಿಲ್ಲ. ಆ ಸಂತೋಷ ಅವರದೂ ಹೌದು. ತಪ್ಪಾದದ್ದು ನೋಡಿದ ಕಣ್ಣುಗಳದ್ದು. ಸೀರೆ ಉಟ್ಟ ಫೋಟೋ ಸಿಕ್ಕಿದ್ದಕ್ಕೆ ಕೆಲಸ ಮಾಡಿದವರ ಹೆಸರು ಹುಡುಕುವ ಶ್ರಮ ತೆಗೆದುಕೊಳ್ಳಲಿಲ್ಲ, ಫೋಟೋದಲ್ಲಿದ್ದವರ ನಿಜವಾದ ಕೆಲಸವನ್ನೂ ಕೇಳಲಿಲ್ಲ. ಎರಡೂ ಕಡೆಯವರಿಗೆ ಅನ್ಯಾಯ.

ಮುಂದೆ 2019ರ ಜುಲೈ 22ರಂದು ಹಾರಿದ ಚಂದ್ರಯಾನ-2ಕ್ಕೆ ಎಂ. ವನಿತಾ ಯೋಜನಾ ನಿರ್ದೇಶಕಿ, ಋತು ಕರಿಧಾಲ್ ಮಿಷನ್ ನಿರ್ದೇಶಕಿ. 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1ಕ್ಕೆ ನಿಗಾರ್ ಶಾಜಿ ಯೋಜನಾ ನಿರ್ದೇಶಕಿ. ಸರ್ಕಾರದ ಸಂಸ್ಥೆಯಲ್ಲಿ ದಾರಿ ನಿಧಾನವಾಗಿಯಾದರೂ ತೆರೆಯಿತು.

ಕಾಲೇಜಿನ ಹುಡುಗರು, ಹುಡುಗಿಯರು

ಉಪಗ್ರಹ ಇಸ್ರೋದ ಗೋಡೆ ದಾಟಿ ಹೊರಗೆ ಬಂದದ್ದು ಕಾಲೇಜುಗಳ ಮೂಲಕ. 2010ರ ಜುಲೈ 12ರಂದು ಹಾರಿದ ಸ್ಟುಡ್‌ಸ್ಯಾಟ್ ಒಂದು ಕಿಲೋವೂ ಇರಲಿಲ್ಲ, ಸುಮಾರು 950 ಗ್ರಾಂ. ಕರ್ನಾಟಕ ಮತ್ತು ಆಂಧ್ರದ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಮಾಡಿದ್ದು. ಭೂಕೇಂದ್ರ ಇದ್ದದ್ದು ಬೆಂಗಳೂರಿನ ನಿಟ್ಟೆ ಮೀನಾಕ್ಷಿ ಕಾಲೇಜಿನಲ್ಲಿ. ನಿಟ್ಟೆ ಎಂದರೆ ನಮ್ಮ ಕಾರ್ಕಳದ ಕಡೆಯ ಊರು ಎಂದು ಮುಂಬಯಿ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಪೊವಾಯಿಯಲ್ಲಿ ಐಐಟಿಯ ವಿದ್ಯಾರ್ಥಿಗಳು 2007ರಲ್ಲೇ ಪ್ರಥಮ್ ಎಂಬ ಉಪಗ್ರಹದ ಕನಸು ಕಂಡಿದ್ದರು. ಅದು ಹಾರಿದ್ದು 2016ರ ಸೆಪ್ಟೆಂಬರ್ 26ರಂದು. ಒಂಬತ್ತು ವರ್ಷ! ಶುರು ಮಾಡಿದವರು ಓದು ಮುಗಿಸಿ ಹೋಗಿ, ಅವರ ನಂತರದವರೂ ಹೋಗಿ, ತಂಡದ ಮುಂದಾಳು ಮತ್ತೆ ಮತ್ತೆ ಬದಲಾದರು. ಕೆಲಸ ಕೈಯಿಂದ ಕೈಗೆ ದಾಟಿತು. ಬರೆದಿಟ್ಟದ್ದು ಸರಿಯಿಲ್ಲದಿದ್ದರೆ ಅದು ಎಂದೋ ನಿಂತುಹೋಗುತ್ತಿತ್ತು. ನಮ್ಮ ಸಂಘ ಸಂಸ್ಥೆಗಳಲ್ಲಿ ಸಮಿತಿ ಬದಲಾದ ಕೂಡಲೇ ಹಳೆಯ ಕಡತ ಸಿಗದೆ ಒದ್ದಾಡಿದವರಿಗೆ ಈ ಒಂಬತ್ತು ವರ್ಷದ ಬೆಲೆ ತಿಳಿಯುತ್ತದೆ. ಅದೇ ರಾಕೆಟ್ಟಿನಲ್ಲಿ ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದ ಪಿಸ್ಯಾಟ್ ಕೂಡ ಇತ್ತು. ಹೀಗೆ ಮುಂಬಯಿಯದೂ ಬೆಂಗಳೂರಿನದೂ ಒಂದೇ ಬಂಡಿಯಲ್ಲಿ ಪ್ರಯಾಣ ಮಾಡಿದವು.

ಇನ್ನೊಂದು ಪ್ರಯತ್ನವನ್ನು ಇಲ್ಲಿ ಹೇಳಲೇಬೇಕು. ಚೆನ್ನೈನ ಶ್ರೀಮತಿ ಕೇಸನ್ ಎಂಬವರು ಕಟ್ಟಿದ ಸ್ಪೇಸ್ ಕಿಡ್ಜ್ ಇಂಡಿಯಾ ಸಂಸ್ಥೆಯು ದೇಶದ 75 ಸರ್ಕಾರಿ ಶಾಲೆಗಳ 750 ಹುಡುಗಿಯರನ್ನು ಸೇರಿಸಿಕೊಂಡು ಆಜಾದಿಸ್ಯಾಟ್ ಮಾಡಿತು. 2022ರ ಆಗಸ್ಟ್ 7ರಂದು ಅದನ್ನು ಹೊತ್ತ ಹೊಸ ರಾಕೆಟ್ ತಪ್ಪು ಕಕ್ಷೆಗೆ ಹೋಗಿ ಉಪಗ್ರಹ ಉಳಿಯಲಿಲ್ಲ. ಮಕ್ಕಳ ಕಣ್ಣೆದುರೇ ಅವರ ಶ್ರಮ ಹೋಯಿತು. ಆರು ತಿಂಗಳಲ್ಲಿ ಎರಡನೆಯದು ಸಿದ್ಧವಾಯಿತು. 2023ರ ಫೆಬ್ರವರಿ 10ರಂದು ಆಜಾದಿಸ್ಯಾಟ್-2 ಕಕ್ಷೆ ಸೇರಿತು. ಆ ಹುಡುಗಿಯರು ಕಲಿತದ್ದು ಸರ್ಕ್ಯೂಟ್ ಜೋಡಿಸುವುದನ್ನು ಮಾತ್ರ ಅಲ್ಲ.

ಆಲ್ದೂರಿನಿಂದ ಬಂದ ಕಂಪನಿ

2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಬಾಹ್ಯಾಕಾಶ ಕ್ಷೇತ್ರವನ್ನು ಖಾಸಗಿಯವರಿಗೆ ತೆರೆಯಿತು. ಅದಕ್ಕೂ ಒಂದು ವರ್ಷ ಮೊದಲೇ, 2019ರಲ್ಲಿ, ಪಿಲಾನಿಯ ಬಿಟ್ಸ್‌ನಲ್ಲಿ ಓದುತ್ತಿದ್ದ ಇಬ್ಬರು ಹುಡುಗರು ಪಿಕ್ಸೆಲ್ ಎಂಬ ಕಂಪನಿ ಶುರು ಮಾಡಿದ್ದರು. ಒಬ್ಬರು ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಅವೈಸ್ ಅಹ್ಮದ್, ಇನ್ನೊಬ್ಬರು ಕ್ಷಿತಿಜ್ ಖಂಡೇಲ್‌ವಾಲ್. ಕಾಫಿ ತೋಟಗಳ ನಡುವಿನ ಸಣ್ಣ ಊರಿನಿಂದ ಬಂದು ಬೆಂಗಳೂರಿನಲ್ಲಿ ಉಪಗ್ರಹದ ಕಂಪನಿ ನಡೆಸುವುದು ಕನ್ನಡಿಗರಾದ ನಮಗೆಲ್ಲ ಹೆಮ್ಮೆಯ ವಿಷಯ. ಅವೈಸ್ ಕಂಪನಿಯ ಮುಖ್ಯಸ್ಥರು, ಕ್ಷಿತಿಜ್ ತಂತ್ರಜ್ಞಾನದ ಮುಖ್ಯಸ್ಥರು.

ಅವರ ಉಪಗ್ರಹದ ಕೆಲಸವೇನು? ನಮ್ಮ ಮೊಬೈಲಿನ ಕ್ಯಾಮೆರಾ ಬೆಳಕನ್ನು ಕೆಂಪು, ಹಸಿರು, ನೀಲಿ ಎಂದು ಮೂರು ಪಾಲು ಮಾಡುತ್ತದೆ. ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ ಅದೇ ಬೆಳಕನ್ನು ನೂರಕ್ಕೂ ಹೆಚ್ಚು ತೆಳುವಾದ ಪಟ್ಟಿಗಳಾಗಿ ವಿಂಗಡಿಸುತ್ತದೆ. ಗಿಡಕ್ಕೆ ರೋಗ ತಗುಲಿದಾಗ ಎಲೆ ಹಳದಿಯಾಗುವ ಮೊದಲೇ ಅದು ಪ್ರತಿಫಲಿಸುವ ಬೆಳಕು ಸ್ವಲ್ಪ ಬದಲಾಗಿರುತ್ತದೆ. ಕಣ್ಣಿಗೆ ಕಾಣದ ಆ ಬದಲಾವಣೆಯನ್ನು ಈ ಕ್ಯಾಮೆರಾ ಹಿಡಿಯಬಲ್ಲದು. ಅನಿಲ ಸೋರಿಕೆ, ನೀರಿನ ಮಾಲಿನ್ಯ ಕೂಡ ಹೀಗೆಯೇ ಪತ್ತೆಯಾಗುತ್ತವೆ.

ಪಿಕ್ಸೆಲ್‌ನ ಮೊದಲ ಉಪಗ್ರಹ ಆನಂದ್ 2021ರ ಫೆಬ್ರವರಿ 28ರ ಪಿಎಸ್‌ಎಲ್‌ವಿ-ಸಿ51ರಲ್ಲಿ ಹಾರಬೇಕಿತ್ತು. ಸುದ್ದಿ ಆಗಲೇ ಪತ್ರಿಕೆಗಳಲ್ಲಿ ಬಂದಿತ್ತು. ಕೊನೆಯ ಹಂತದ ಪರೀಕ್ಷೆಯಲ್ಲಿ ಸಾಫ್ಟ್‌ವೇರಿನಲ್ಲಿ ತೊಂದರೆ ಕಂಡಿತು. ಅವರು ಉಪಗ್ರಹವನ್ನು ಹಾರಿಸದೆ ಹಿಂದಕ್ಕೆ ತೆಗೆದುಕೊಂಡರು. ಹೂಡಿಕೆದಾರರ ದುಡ್ಡು, ಜನರ ನಿರೀಕ್ಷೆ, ಎಲ್ಲ ಎದುರಿಗಿರುವಾಗ ಈ ಸಲ ಬೇಡ ಎನ್ನುವುದು ಸುಲಭವಲ್ಲ. ನನ್ನ ಕ್ಷೇತ್ರದಲ್ಲಿ ಬಿಡುಗಡೆಯ ದಿನಾಂಕ ಎಂಬುದು ಎಂಥ ಒತ್ತಡ ಎಂದು ಗೊತ್ತಿರುವುದರಿಂದ ಈ ನಿರ್ಧಾರವನ್ನು ನಾನು ಅವರ ಮುಂದಿನ ಯಶಸ್ಸಿಗಿಂತ ದೊಡ್ಡದೆಂದು ಎಣಿಸುತ್ತೇನೆ. 2022ರ ಏಪ್ರಿಲ್ 1ರಂದು ಅವರ ಶಕುಂತಲಾ ಎಂಬ ಉಪಗ್ರಹ ಅಮೆರಿಕದ ಸ್ಪೇಸ್‌ಎಕ್ಸ್ ರಾಕೆಟ್ಟಿನಲ್ಲಿ ಹೋಯಿತು. ಹಿಂದಕ್ಕೆ ತೆಗೆದುಕೊಂಡಿದ್ದ ಆನಂದ್ ಅದೇ ವರ್ಷ ನವೆಂಬರ್ 26ರಂದು ಪಿಎಸ್‌ಎಲ್‌ವಿ-ಸಿ54ರಲ್ಲಿ ಹಾರಿತು. 2025ರ ಜನವರಿಯಲ್ಲಿ ಫೈರ್‌ಫ್ಲೈ ಹೆಸರಿನ ಮೂರು, ಆಗಸ್ಟ್‌ನಲ್ಲಿ ಇನ್ನೂ ಮೂರು ಉಪಗ್ರಹಗಳು ಕಕ್ಷೆ ಸೇರಿದವು. ಫೈರ್‌ಫ್ಲೈ ಎಂದರೆ ನಮ್ಮ ಮಿಂಚುಹುಳ.

ಆರ್ಯಭಟದ ತಂಡಕ್ಕೂ ಈ ತಂಡಕ್ಕೂ ಸಾಮ್ಯವಿದೆ. ಎರಡೂ ಕಡೆ ಎಳೆಯರು, ಎರಡೂ ಕಡೆ ವಿದೇಶಿ ರಾಕೆಟ್ಟಿನ ಆಸರೆ, ಎರಡೂ ಕಡೆ ತೂಕ ಮತ್ತು ವಿದ್ಯುತ್ತಿನ ಹಂಚಿಕೆಯ ಅದೇ ಜಗಳ. ವ್ಯತ್ಯಾಸವೂ ಇದೆ. ರಾಯರ ತಂಡದ ಬೆನ್ನಿಗೆ ಸರ್ಕಾರವಿತ್ತು. ಪ್ರಯೋಗಗಳು ಐದು ದಿನಕ್ಕೆ ನಿಂತರೂ ಸಂಬಳ ನಿಲ್ಲಲಿಲ್ಲ. ಕಂಪನಿಗೆ ಆ ರಕ್ಷೆಯಿಲ್ಲ. ಹಾಗಾಗಿ ದುಡ್ಡು ತರುವವರು, ಗಿರಾಕಿ ಹುಡುಕುವವರು ಕೂಡ ಇಂದು ಮುಂದಾಳುಗಳ ಸಾಲಿನಲ್ಲಿ ಇರುತ್ತಾರೆ.

ಸಾಲಿನಲ್ಲಿ ಯಾರಿದ್ದಾರೆ?

ಈಗ ಶುರುವಿನಲ್ಲಿ ಎತ್ತಿದ ಪ್ರಶ್ನೆಗೆ ಬರೋಣ. ಪಿಕ್ಸೆಲ್ ಸ್ಥಾಪಿಸಿದವರು ಇಬ್ಬರೂ ಗಂಡಸರು. ಹೈದರಾಬಾದಿನ ಧ್ರುವ ಸ್ಪೇಸ್ ಕೂಡ ಗಂಡಸರೇ ಸೇರಿ ಕಟ್ಟಿದ್ದು. ಅವರ ಸಾಧನೆಗೆ ಇದರಿಂದ ಕುಂದಿಲ್ಲ. ಹೆಂಗಸರು ಇಲ್ಲವೇ ಇಲ್ಲ ಎಂದೂ ಅಲ್ಲ. ಉಪಗ್ರಹದ ಮೂಲಕ ಇಂಟರ್ನೆಟ್ ಕೊಡುವ ಗುರಿಯಿಂದ 2015ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆಸ್ಟ್ರೋಮ್‌ನ ಸಹಸ್ಥಾಪಕಿ, ಮುಖ್ಯಸ್ಥೆ ನೇಹಾ ಸಾತಕ್. ಈ ಖಾಸಗಿ ಅಲೆ ಏಳುವ ಎಷ್ಟೋ ಮೊದಲೇ ಅರ್ತ್‌ಟುಆರ್ಬಿಟ್ ಎಂಬ ಕಂಪನಿ ಕಟ್ಟಿದವರು ಸುಸ್ಮಿತಾ ಮೊಹಂತಿ. ಆದರೆ ಇಂಥ ಹೆಸರುಗಳನ್ನು ಬೆರಳು ಮಡಚಿ ಎಣಿಸಬಹುದು.

ಇಸ್ರೋದಂಥ ದೊಡ್ಡ ಸಂಸ್ಥೆಯಲ್ಲಿ ಬಡ್ತಿಗೆ ಒಂದು ಏಣಿಯಿದೆ. ಹೆರಿಗೆ ರಜೆ, ಮನೆ, ಮಕ್ಕಳ ಶಾಲೆ ಇತ್ಯಾದಿ ಆಸರೆಗಳಿವೆ. ಅನುರಾಧ ಅವರಿಗೆ 29 ವರ್ಷ ಹಿಡಿದರೂ ಆ ಏಣಿ ಅಲ್ಲೇ ಇತ್ತು. ಹೊಸ ಕಂಪನಿಗಳಲ್ಲಿ ಏಣಿಯಿಲ್ಲ. ಮೊದಲ ದಿನ ಜೊತೆಗೆ ಕೂತ ನಾಲ್ಕೈದು ಗೆಳೆಯರೇ ಮುಂದೆ ನಿರ್ದೇಶಕರು. ಕಾಲೇಜಿನ ಹಾಸ್ಟೆಲಿನಲ್ಲಿ ರಾತ್ರಿ ಎರಡು ಗಂಟೆಗೆ ಹುಟ್ಟುವ ಕಂಪನಿಯ ಆ ಮಾತುಕತೆಯಲ್ಲಿ, ಒಂಬತ್ತಕ್ಕೆ ಬಾಗಿಲು ಹಾಕುವ ಹೆಣ್ಣುಮಕ್ಕಳ ಹಾಸ್ಟೆಲಿನಿಂದ ಯಾರು ಬಂದು ಕೂರಬೇಕು? ಗಿರಣಿಗಳಿಂದ ಹೆಂಗಸರು ಕ್ರಮೇಣ ಹೊರಗಾದರು. ಇಲ್ಲಿ ಒಳಗೆ ಬರುವ ಬಾಗಿಲೇ ತಪ್ಪಿಹೋಗುವ ಅಪಾಯ.

ನಮ್ಮ ಸಂಘಗಳು ಈ ವಿಷಯದಲ್ಲಿ ಏನೂ ಮಾಡಲಾರವು ಎಂದು ನನಗನ್ನಿಸುವುದಿಲ್ಲ. ಪ್ರತಿವರ್ಷ ನಾವು ವಿದ್ಯಾರ್ಥಿವೇತನ ಕೊಡುತ್ತೇವೆ, ಅಂಕ ಪಡೆದ ಮಕ್ಕಳಿಗೆ ಶಾಲು ಹೊದಿಸುತ್ತೇವೆ. ಅದರ ಜೊತೆಗೆ ಪೊವಾಯಿಯ ಐಐಟಿಯಲ್ಲಿ, ಕೊಲಾಬಾದ ಟಿಐಎಫ್‌ಆರ್‌ನಲ್ಲಿ ಓದುವ, ಕೆಲಸ ಮಾಡುವ ಕನ್ನಡದ ಹೆಣ್ಣುಮಕ್ಕಳನ್ನು ಒಂದು ಭಾನುವಾರ ಕರೆದು ನಮ್ಮ ಎಂಟು, ಒಂಬತ್ತನೆಯ ತರಗತಿಯ ಮಕ್ಕಳ ಜೊತೆ ಕೂರಿಸಬಹುದು. ಮಗಳು ಸ್ಥಿರವಾದ ನೌಕರಿ ಬಿಟ್ಟು ಗೆಳೆಯರೊಂದಿಗೆ ಕಂಪನಿ ಮಾಡುತ್ತೇನೆ ಎಂದಾಗ, ಮಗ ಹೇಳಿದರೆ ಏನು ಉತ್ತರ ಕೊಡುತ್ತಿದ್ದೆವೋ ಅದನ್ನೇ ಅವಳಿಗೂ ಕೊಡಬಹುದು. ಇವೆಲ್ಲ ಖರ್ಚಿಲ್ಲದ ಕೆಲಸಗಳು.

ಯು. ಆರ್. ರಾವ್ 2017ರ ಜುಲೈ 24ರಂದು ತೀರಿಕೊಂಡರು. ಮರುವರ್ಷ ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಅವರ ಹೆಸರನ್ನೇ ಇಟ್ಟರು. ಅದಮಾರಿನ ಹುಡುಗನ ಹೆಸರು ಹೀಗೆ ಉಳಿಯಿತು. ಟಿ. ಕೆ. ಅನುರಾಧ, ಪ್ರಮೋದಾ ಹೆಗಡೆ, ಅನುರಾಧಾ ಪ್ರಕಾಶಂ ಅವರ ಹೆಸರನ್ನು ಯಾವ ಕಟ್ಟಡದ ಮೇಲೂ ನಾನು ಕಂಡಿಲ್ಲ. ಮುಂದಿನ ಮಹಿಳಾ ದಿನಕ್ಕೆ ಆ ರೇಷ್ಮೆ ಸೀರೆಯ ಫೋಟೋ ಮತ್ತೆ ನಿಮ್ಮ ಮೊಬೈಲಿಗೆ ಬಂದಾಗ, ಅದರ ಕೆಳಗೆ ಈ ಮೂರು ಹೆಸರುಗಳನ್ನೂ ಬರೆದು ಮುಂದಕ್ಕೆ ಕಳಿಸಿ ಎಂದು ಸಂಘದ ಎಲ್ಲ ಸದಸ್ಯರಲ್ಲಿ ನನ್ನ ವಿನಂತಿ.